ಮಕ್ಕಳ ಮಿದುಳಿನ ಗಡ್ಡೆ: ತಡಮಾಡುವುದು ತರವಲ್ಲ

ಮಗುವಿಗೆ ಪದೇ ಪದೇ ತಲೆನೋವು, ಬೆಳಗಿನ ವಾಂತಿ ಕಾಣಿಸಿಕೊಂಡರೆ ಪಿತ್ತವೆಂದೋ, ದೃಷ್ಟಿ ತಾಗಿದೆಯೆಂದೋ ಭಾವಿಸಿ ದಿನ ದೂಡುವುದು ನಮ್ಮಲ್ಲಿ ರೂಢಿ. ಮಿದುಳಿನ ಗಡ್ಡೆ ಹಿರಿಯರ ಕಾಯಿಲೆಯೆಂಬ ನಂಬಿಕೆಯೇ ಇದಕ್ಕೆ ಮೂಲ. ವಾಸ್ತವವಾಗಿ ಮಕ್ಕಳ ಕ್ಯಾನ್ಸರುಗಳಲ್ಲಿ ರಕ್ತದ ಕ್ಯಾನ್ಸರಿನ ನಂತರದ ಸ್ಥಾನ ಇದರದು. ರಕ್ತದ ಕ್ಯಾನ್ಸರಿನ ಚಿಕಿತ್ಸೆ ಬಹಳವಾಗಿ ಸುಧಾರಿಸಿದ್ದರಿಂದ, 2014ರ ವೇಳೆಗೆ ಅಮೆರಿಕದಲ್ಲಿ ಮಕ್ಕಳ ಕ್ಯಾನ್ಸರ್ ಮರಣಗಳಿಗೆ ಮಿದುಳಿನ ಕ್ಯಾನ್ಸರೇ ಮೊದಲ ಕಾರಣವಾಯಿತು.

ಹಾಗಾದರೆ ರೋಗ ಹೆಚ್ಚುತ್ತಿದೆಯೇ? 1980ರ ದಶಕದ ನಡುವೆ ಅಮೆರಿಕದಲ್ಲಿ ಪ್ರಕರಣಗಳ ಸಂಖ್ಯೆ ಏರಿತು. ಎಂ.ಆರ್.ಐ. ಯಂತ್ರ ಬಳಕೆಗೆ ಬಂದು, ಮೊದಲು ಕಾಣದೆ ಉಳಿಯುತ್ತಿದ್ದ ಗಡ್ಡೆಗಳು ಕಂಡದ್ದು ಅದಕ್ಕೆ ಮುಖ್ಯ ಕಾರಣವೆಂದು ತಜ್ಞರು ವಿವರಿಸಿದರು. ಆದುದರಿಂದ ಸಂಖ್ಯೆ ಕಂಡು ಗಾಬರಿಗೊಳ್ಳುವುದಕ್ಕಿಂತ, ರೋಗವನ್ನು ಬೇಗ ಗುರುತಿಸುವತ್ತ ಗಮನ ಹರಿಸುವುದು ಲೇಸು.

ಎಲ್ಲ ಗಡ್ಡೆಗಳೂ ಒಂದೇ ಅಲ್ಲ. ನಿಧಾನವಾಗಿ ಬೆಳೆಯುವ ಕೆಲವು ಬಗೆಗಳಲ್ಲಿ, ಉತ್ತಮ ಚಿಕಿತ್ಸೆ ದೊರೆತರೆ, ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಮಕ್ಕಳು ಬದುಕುಳಿಯುತ್ತಾರೆ. ಮಿದುಳಿನ ಕಾಂಡದಲ್ಲಿ ಹರಡಿಕೊಳ್ಳುವ ಒಂದು ಬಗೆಗೆ ಮಾತ್ರ ಇಂದಿಗೂ ಗುಣಪಡಿಸುವ ಚಿಕಿತ್ಸೆಯಿಲ್ಲ. ಮಕ್ಕಳ ಕ್ಯಾನ್ಸರುಗಳನ್ನು ಒಟ್ಟಾಗಿ ನೋಡಿದರೆ, ಶ್ರೀಮಂತ ರಾಷ್ಟ್ರಗಳಲ್ಲಿ ಶೇ. 80ಕ್ಕೂ ಹೆಚ್ಚು ಮಕ್ಕಳು ಗುಣಮುಖರಾಗುತ್ತಾರೆ. ಬಡ ರಾಷ್ಟ್ರಗಳಲ್ಲಿ ಈ ಪ್ರಮಾಣ ತೀರ ಕಡಿಮೆ. 2030ರೊಳಗೆ ಜಗತ್ತಿನಾದ್ಯಂತ ಕನಿಷ್ಠ ಶೇ. 60ರಷ್ಟು ಮಕ್ಕಳು ಬದುಕುಳಿಯಬೇಕೆಂಬ ಗುರಿಯನ್ನು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಇರಿಸಿಕೊಂಡಿತು.

ಬ್ರಿಟನ್ನಿನಲ್ಲಿ 2011ರಿಂದ ಪಾಲಕರಿಗೂ ವೈದ್ಯರಿಗೂ ಲಕ್ಷಣಗಳನ್ನು ತಿಳಿಸುವ ಆಂದೋಲನ ನಡೆದು, ರೋಗ ಪತ್ತೆಗೆ ಹಿಡಿಯುತ್ತಿದ್ದ ಕಾಲ ಅರ್ಧದಷ್ಟು ಇಳಿಯಿತು. ಇದು ನಮ್ಮಿಂದಲೂ ಸಾಧ್ಯ. ಬಿಡದ ತಲೆನೋವು ಮತ್ತು ವಾಂತಿ, ನಡಿಗೆಯಲ್ಲಿ ತೂರಾಟ, ಹೊಸದಾಗಿ ಬಂದ ಮೆಳ್ಳಗಣ್ಣು, ಮಂದದೃಷ್ಟಿ, ಫಿಟ್ಸ್, ಶಿಶುವಿನ ತಲೆ ಅತಿಯಾಗಿ ದೊಡ್ಡದಾಗುವುದು: ಇವು ಕಂಡರೆ ಮಕ್ಕಳ ವೈದ್ಯರನ್ನು ತಪ್ಪದೆ ಕಾಣಬೇಕು. ಬಹುಪಾಲು ತಲೆನೋವುಗಳಿಗೆ ಗಡ್ಡೆ ಕಾರಣವಲ್ಲ. ಆದರೂ ಪರೀಕ್ಷೆಯಿಂದ ನಷ್ಟವಿಲ್ಲ. ಗುರುಗಳ ಆಶೀರ್ವಾದ ಮನಸ್ಸಿಗೆ ಬಲ ನೀಡುತ್ತದೆ. ಅದು ಆಸ್ಪತ್ರೆಯ ಹಾದಿಯನ್ನು ಮುಂದೂಡಲು ನೆಪವಾಗಕೂಡದು.

ಇನ್ನೊಂದು ಮಾತು. ನಮ್ಮ ದೇಶದ ಕ್ಯಾನ್ಸರ್ ನೋಂದಣಿಗಳಲ್ಲಿ ಬಾಲಕಿಯರ ಸಂಖ್ಯೆ ಬಾಲಕರಿಗಿಂತ ಎದ್ದುಕಾಣುವಷ್ಟು ಕಡಿಮೆ. ಹೆಣ್ಣುಮಗುವಿನ ನೋವನ್ನು ಮನೆಯಲ್ಲೇ ಅಡಗಿಸುವುದೂ ಇದಕ್ಕೆ ಒಂದು ಕಾರಣವೆಂದು ಶಂಕಿಸಲಾಗಿದೆ. ಹೆಣ್ಣು ಗಂಡೆಂಬ ಭೇದವನ್ನು ಅಳಿಸಿದ ಶರಣರ ಪರಂಪರೆಯವರಾದ ನಾವು ಇದನ್ನು ಸಹಿಸಲಾಗದು. ನಮ್ಮ ಪ್ರಸಾದ ನಿಲಯಗಳ ನಿಲಯಪಾಲಕರಿಗೂ ಶಾಲೆಗಳ ಶಿಕ್ಷಕರಿಗೂ ಈ ಲಕ್ಷಣಗಳ ತಿಳಿವಳಿಕೆ ನೀಡಬೇಕು. ಬಡ ಕುಟುಂಬದ ಮಗುವನ್ನು ಬೆಂಗಳೂರಿನ ಕಿದ್ವಾಯಿ ಅಥವಾ ನಿಮ್ಹಾನ್ಸ್‌ಗೆ ಕರೆದೊಯ್ಯಲು ಭಕ್ತರು ನೆರವಾದರೆ ಅದೂ ದಾಸೋಹವೇ.