ಉಸಿರಿನ ದಾರಿಯ ಒಳಪೊರೆ

ಮಾಗಿಯ ನಡುರಾತ್ರಿ. ಜಯನಗರದ ಮನೆಯೊಂದರಲ್ಲಿ ಎಂಟು ವರ್ಷದ ಹುಡುಗನು ಹಾಸಿಗೆಯ ಮೇಲೆದ್ದು ಕುಳಿತು ಉಸಿರಿಗಾಗಿ ಚಡಪಡಿಸುತ್ತಾನೆ. ತಾಯಿ ಬೆನ್ನು ನೀವುತ್ತಾಳೆ; ಅಜ್ಜಿ ಬಿಸಿನೀರು ತರುತ್ತಾಳೆ. ಔಷಧ ಬೀಳುತ್ತದೆ, ಉಬ್ಬಸ ಇಳಿಯುತ್ತದೆ. ವಾರ ಕಳೆಯುವಷ್ಟರಲ್ಲಿ ಇನ್‌ಹೇಲರ್ ಕಪಾಟು ಸೇರುತ್ತದೆ. “ಗುಣವಾಯಿತಲ್ಲ, ಇನ್ನೇಕೆ?” ಎನ್ನುತ್ತಾರೆ ಮನೆಮಂದಿ. ತೊಡಕಿರುವುದು ಈ ಮಾತಿನಲ್ಲಿಯೇ.

ಬೆಂಗಳೂರಿನಲ್ಲಿ ಇಂತಹ ಮನೆಗಳು ವಿರಳವಲ್ಲ. ಮಕ್ಕಳ ಶ್ವಾಸರೋಗತಜ್ಞರಾದ ಡಾ. ಎಚ್. ಪರಮೇಶ್ ಅವರು ನಗರದಲ್ಲಿ ಆಸ್ಪತ್ರೆಗೆ ಬಂದ 20,000 ಮಕ್ಕಳನ್ನು ಕುರಿತು ನಡೆಸಿದ ಅಧ್ಯಯನದಲ್ಲಿ, 1979ರಲ್ಲಿ ನೂರಕ್ಕೆ 9ರಷ್ಟಿದ್ದ ಉಬ್ಬಸವು 1999ರ ವೇಳೆಗೆ 29.5ಕ್ಕೆ ಏರಿತ್ತು.

ಶ್ವಾಸನಾಳದ ಸ್ನಾಯುಗಳು ಬಿಗಿದುಕೊಳ್ಳುವುದೇ ಉಬ್ಬಸವೆಂದು ಬಹುಕಾಲ ತಿಳಿಯಲಾಗಿತ್ತು. ಅದು ಸುಳ್ಳಲ್ಲ, ಆದರೆ ಅರ್ಧ ಸತ್ಯ. ನಾಳದ ಒಳಮೈಗೆ ತೆಳುವಾದ ಪೊರೆಯೊಂದುಂಟು. ಅದರ ಜೀವಕೋಶಗಳು ಒಂದಕ್ಕೊಂದು ಒತ್ತಾಗಿ ಬೆಸೆದುಕೊಂಡು ಕೋಟೆಯ ಗೋಡೆಯಂತೆ ನಿಂತಿವೆ. ಕೆಲವು ಕೋಶಗಳು ಲೋಳೆಯನ್ನು ಸ್ರವಿಸಿ ಧೂಳನ್ನು ಹಿಡಿದಿಡುತ್ತವೆ. ಬೇರೆ ಕೆಲವುಗಳ ಮೇಲಿನ ಸೂಕ್ಷ್ಮ ರೋಮಗಳು ಎಡೆಬಿಡದೆ ಬೀಸುತ್ತ ಅದನ್ನು ಗಂಟಲಿನತ್ತ ಗುಡಿಸುತ್ತವೆ.

ಉಬ್ಬಸವುಳ್ಳ ಅನೇಕರಲ್ಲಿ ಈ ಗೋಡೆಯೇ ಸಡಿಲ. ಹಾಸಿಗೆ ದಿಂಬುಗಳಲ್ಲಿ ಅಡಗಿರುವ ಧೂಳುನುಸಿಯ ಹಿಕ್ಕೆಯಲ್ಲಿನ ಕಿಣ್ವವು ಕೋಶಗಳ ಬೆಸುಗೆಯನ್ನು ಕತ್ತರಿಸಬಲ್ಲುದು. ವಾಹನದ ಹೊಗೆಯೂ ನೆಗಡಿಯ ವೈರಸ್ಸೂ ಅದನ್ನು ಗಾಸಿಗೊಳಿಸುತ್ತವೆ. ಗಾಸಿಗೊಂಡ ಪೊರೆ ಸುಮ್ಮನಿರುವುದಿಲ್ಲ, ಟಿ.ಎಸ್.ಎಲ್.ಪಿ. ಮೊದಲಾದ ರಾಸಾಯನಿಕ ಸಂದೇಶಗಳ ಮೂಲಕ ಅಪಾಯದ ಗಂಟೆ ಬಾರಿಸುತ್ತದೆ. ರಕ್ತದ ಬಿಳಿಕಣಗಳು ಧಾವಿಸಿ ಬರುತ್ತವೆ. ಪೊರೆ ಊದುತ್ತದೆ, ಲೋಳೆ ಹೆಚ್ಚುತ್ತದೆ, ಸ್ನಾಯು ಬಿಗಿಯುತ್ತದೆ. ಈ ಗಂಟೆಯ ಸದ್ದನ್ನೇ ತಡೆಯುವ ಟೆಜೆಪೆಲುಮ್ಯಾಬ್ ಎಂಬ ಚುಚ್ಚುಮದ್ದಿಗೆ 2021ರಲ್ಲಿ ಅಮೆರಿಕ ಅನುಮತಿ ನೀಡಿತು. ಅದು ತೀವ್ರ ರೋಗಿಗಳಿಗೆ ಮಾತ್ರ.

ತತ್‌ಕ್ಷಣದ ಉಪಶಮನ ನೀಡುವ ನೀಲಿ ಇನ್‌ಹೇಲರು ಸ್ನಾಯುವನ್ನಷ್ಟೇ ಸಡಿಲಿಸುತ್ತದೆ. ಪೊರೆಯ ಉರಿಯೂತವನ್ನು ತಣಿಸುವುದು ಸ್ಟೀರಾಯ್ಡ್ ಇನ್‌ಹೇಲರು. ಹೆಸರು ಕೇಳಿ ಅಂಜುವವರು ಬಹುಮಂದಿ. ಆದರೆ ಅದರ ಅಲ್ಪ ಪ್ರಮಾಣವು ನೇರವಾಗಿ ಶ್ವಾಸನಾಳಕ್ಕೇ ಸೇರುವುದರಿಂದ ಮಾತ್ರೆಗಳಿಗಿಂತ ತೊಂದರೆ ಬಹಳ ಕಡಮೆ. ಏದುಸಿರು ನಿಂತ ಮಾತ್ರಕ್ಕೆ ಉರಿ ಆರಿತೆಂದಲ್ಲ. ಬೂದಿಯ ಕೆಳಗೆ ಕೆಂಡವಿರುತ್ತದೆ. ಅದನ್ನು ಅಲಕ್ಷಿಸಿದರೆ ವರ್ಷಗಳು ಕಳೆದಂತೆ ನಾಳದ ಗೋಡೆಯೇ ದಪ್ಪಗಾಗಬಹುದು.

ಆದುದರಿಂದ ಮಗು ಬೀದಿಯಲ್ಲಿ ಓಡಿಯಾಡುತ್ತಿರುವ ದಿನಗಳಲ್ಲಿಯೂ ವೈದ್ಯರು ಹೇಳುವವರೆಗೆ ಆ ಔಷಧವನ್ನು ನಿಲ್ಲಿಸಬಾರದು. ಆ ಇನ್‌ಹೇಲರಿನ ಸ್ಥಾನ ಕಪಾಟಿನ ಮೂಲೆಯಲ್ಲ. ಹಲ್ಲುಜ್ಜುವ ಬ್ರಷ್ಷಿನ ಪಕ್ಕ.