ಆ ಚಪ್ಪಾಳೆ ನಿಲ್ಲಿಸಿ

ಡೆರೆಕ್ ಬೂಗಾರ್ಡ್ ಎನ್‌ಎಚ್‌ಎಲ್ ಐಸ್ ಹಾಕಿ ಲೀಗಿನಲ್ಲಿ ಆಡಿದ್ದು 277 ಪಂದ್ಯ, ಹೊಡೆದದ್ದು ಮೂರೇ ಗೋಲು. ಗೋಲು ಹೊಡೆಯಲೆಂದು ಅವನನ್ನು ಯಾರೂ ತಂಡಕ್ಕೆ ಸೇರಿಸಿಕೊಂಡಿರಲಿಲ್ಲ. ಅವನು ಎನ್‌ಫೋರ್ಸರ್. ತನ್ನ ತಂಡದ ಚುರುಕು ಆಟಗಾರರ ಮೈಮೇಲೆ ಹೋದವರಿಗೆ ಗುದ್ದು ಕೊಡುವುದೇ ಉದ್ಯೋಗ. ಕೆನಡಾದ ಸಸ್ಕಾಚವಾನ್ ಪ್ರಾಂತ್ಯದ ಹುಡುಗ, ಆರೂವರೆ ಅಡಿ ಮೀರಿದ ಎತ್ತರ. ಹದಿಹರೆಯದಲ್ಲಿ ಒಮ್ಮೆ ಎದುರಾಳಿಗಳ ಬೆಂಚಿಗೇ ನುಗ್ಗಿ ಕೈಮಾಡಿದ. ಅಲ್ಲಿದ್ದ ಆಯ್ಕೆಗಾರರು ಅವನನ್ನು ಗದರಲಿಲ್ಲ, ಆರಿಸಿಕೊಂಡರು!

ಹೊಡೆದಾಟ ನಡೆಯುವ ಬಗೆ ನೋಡಿ. ಇಬ್ಬರೂ ಕೈಗವಸು ಕಳಚಿ ಎಸೆಯುತ್ತಾರೆ. ಒಬ್ಬರ ಅಂಗಿ ಇನ್ನೊಬ್ಬರ ಎಡಗೈಯಲ್ಲಿ, ಬಲಗೈ ಮುಖಕ್ಕೆ. ಲೈನ್ಸ್‌ಮನ್ ಎಂಬ ತೀರ್ಪುಗಾರರು ಪಕ್ಕದಲ್ಲೇ ನಿಂತು, ಯಾರಾದರೂ ಬೀಳಲಿ ಎಂದು ಕಾಯುತ್ತಾರೆ. ಶಿಕ್ಷೆ? ಐದು ನಿಮಿಷ ಹೊರಗೆ ಕೂತು ಬರುವುದು. 2006ರಲ್ಲಿ ಬೂಗಾರ್ಡ್‌ನ ಒಂದು ಹೊಡೆತಕ್ಕೆ ಟಾಡ್ ಫೆಡೊರುಕ್‌ನ ಕೆನ್ನೆಮೂಳೆ ಮುರಿದು, ಲೋಹದ ಪಟ್ಟಿ ಹಾಕಿ ಕೂಡಿಸಬೇಕಾಯಿತು. ಮುಂದೆ ಇಬ್ಬರೂ ಒಂದೇ ತಂಡದಲ್ಲಿ ಆಡಿದರು. ಅವರಿಬ್ಬರ ನಡುವೆ ಹಗೆ ಇರಲಿಲ್ಲ, ಇದ್ದದ್ದು ಕೆಲಸ.

ಕೈತುಂಬ ದುಡ್ಡು ಸಿಕ್ಕಿತಲ್ಲ ಎನ್ನುವವರಿದ್ದಾರೆ. ಸಿಕ್ಕಿತು. 2010ರಲ್ಲಿ ನ್ಯೂಯಾರ್ಕ್ ರೇಂಜರ್ಸ್ ನಾಲ್ಕು ವರ್ಷಕ್ಕೆ 65 ಲಕ್ಷ ಡಾಲರ್ ಒಪ್ಪಂದ ಮಾಡಿಕೊಂಡಿತು. ಅವರಿಗಾಗಿ ಅವನು ಆಡಲಾದದ್ದು 22 ಪಂದ್ಯ ಮಾತ್ರ. ಆ ಡಿಸೆಂಬರ್‌ನಲ್ಲಿ ಒಟ್ಟಾವಾದಲ್ಲಿ ತಲೆಗೆ ಬಿದ್ದ ಪೆಟ್ಟಿನಿಂದ ಮತ್ತೆ ಮಂಜಿನಂಗಳಕ್ಕೆ ಇಳಿಯಲಿಲ್ಲ. ನೋವಿಗೆಂದು ಶುರುವಾದ ಮಾತ್ರೆ ಅಷ್ಟರಲ್ಲಿ ಚಟವಾಗಿತ್ತು. 2011ರ ಮೇ 13ರಂದು, ಮಾತ್ರೆಯೂ ಮದ್ಯವೂ ಬೆರೆತು, ಪ್ರಾಣ ಹೋಯಿತು. ವಯಸ್ಸು 28. ಬಾಸ್ಟನ್ ವಿಶ್ವವಿದ್ಯಾಲಯದ ತಜ್ಞರು ಅವನ ಮಿದುಳನ್ನು ಪರೀಕ್ಷಿಸಿದಾಗ, ತಲೆಗೆ ಮತ್ತೆ ಮತ್ತೆ ಪೆಟ್ಟು ತಿಂದವರಲ್ಲಿ ಕಾಣುವ ಸಿಟಿಇ ಎಂಬ ಕಾಯಿಲೆ ಸಿಕ್ಕಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಇನ್ನಿಬ್ಬರು ಹೊಡೆದಾಟಗಾರರು ತೀರಿಕೊಂಡರು: ರಿಕ್ ರೈಪಿಯನ್, ವೇಡ್ ಬೆಲಾಕ್.

ಪೆಟ್ಟಿಗೂ ಈ ಕಾಯಿಲೆಗೂ ನಂಟು ಸಾಬೀತಾಗಿಲ್ಲ ಎಂದು ಲೀಗಿನ ಕಮಿಷನರ್ ಗ್ಯಾರಿ ಬೆಟ್‌ಮನ್ ವರ್ಷಗಟ್ಟಲೆ ಹೇಳಿಕೊಂಡು ಬಂದರು. ಸತ್ತ ಮೇಲೆ ಮಿದುಳು ಕತ್ತರಿಸಿಯೇ ಖಚಿತಪಡಿಸಬೇಕಾದ ಕಾಯಿಲೆ ಇದು. ಇನ್ನೆಷ್ಟು ಮಿದುಳು ಬೇಕು ಇವರಿಗೆ? 2018ರಲ್ಲಿ, ಮೊಕದ್ದಮೆ ಹೂಡಿದ್ದ ಮಾಜಿ ಆಟಗಾರರ ಜೊತೆ ರಾಜಿಯಾಯಿತು, ಹಣ ಕೊಟ್ಟರು. ತಪ್ಪು ಮಾತ್ರ ಒಪ್ಪಲಿಲ್ಲ.

ಹೊಡೆದಾಟ ಮೊದಲಿಗಿಂತ ಕಡಿಮೆಯಾಗಿದೆ, ನಿಜ. ಆದರೆ ಅದಕ್ಕೆ ಜಾಗ ಕೊಡುವ ನಿಯಮ ಹೋಗಿಲ್ಲ. ಒಲಿಂಪಿಕ್ಸ್‌ನಲ್ಲಿ ಹೊಡೆದಾಡಿದವನನ್ನು ಪಂದ್ಯದಿಂದಲೇ ಕಳಿಸುತ್ತಾರೆ. ಕ್ವಿಬೆಕ್‌ನ ಜೂನಿಯರ್ ಲೀಗ್ ಕೂಡ 2023ರಲ್ಲಿ ಹಾಗೇ ಮಾಡಿತು. ಆಟವೇನೂ ಸಪ್ಪೆಯಾಗಲಿಲ್ಲ.

ಟಿಕೆಟ್ ಕೊಂಡು ಕೂರುವವರೇ, ಟೊರಾಂಟೊದಲ್ಲೋ ಮಿನ್ನಿಯಾಪೊಲಿಸ್‌ನಲ್ಲೋ ನೆಲೆಸಿ ಮಕ್ಕಳೊಂದಿಗೆ ಪಂದ್ಯಕ್ಕೆ ಹೋಗುವ ಕನ್ನಡದ ಅಪ್ಪ ಅಮ್ಮಂದಿರೇ, ಈ ವ್ಯಾಪಾರ ನಡೆದಿರುವುದು ನಿಮ್ಮ ಕೇಕೆಯಿಂದ. ಇನ್ನು ಮುಂದೆ ಕೈಗವಸು ಬಿದ್ದಾಗ ಎದ್ದು ನಿಲ್ಲಬೇಡಿ. ಹೊಡೆದಾಡಿದವನಿಗೆ ಅಂದಿನ ಆಟ ಮುಗಿಯಲೇಬೇಕೆಂದು ಲೀಗಿಗೆ ಬರೆಯಿರಿ. ನಿಮ್ಮ ಮಕ್ಕಳ ಕೋಚ್ ಹತ್ತಿರ ಹೋಗಿ, ತಂಡದಲ್ಲಿ ಎಲ್ಲರಿಗಿಂತ ಎತ್ತರವಿರುವ ಆ ಹುಡುಗನಿಗೆ ಸ್ಕೇಟಿಂಗ್ ಕಲಿಸುತ್ತಿದ್ದಾರೋ, ಗುದ್ದುವುದನ್ನೋ, ಈ ವಾರವೇ ಕೇಳಿ.