ಅಭಿಪ್ರಾಯವೋ, ವ್ಯಾಪಾರವೋ?



ನಮ್ಮ ಖೋಲಿಗಳಲ್ಲಿ ಈಚೆಗೆ ಹೊಸ ನೆಂಟನೊಬ್ಬ ಬಂದು ಕುಳಿತಿದ್ದಾನೆ. ಬಾಡಿಗೆ ಕೊಡುವುದಿಲ್ಲ, ಊಟ ಕೇಳುವುದಿಲ್ಲ. ಪಾಳಿ ಮುಗಿಸಿ ನಾವು ಚಾಪೆ ಹಾಸುವ ಹೊತ್ತಿಗೆ ಮೊಬೈಲಿನೊಳಗಿಂದ ಮಾತಿಗೆ ತೊಡಗುತ್ತಾನೆ. ತಾನು ಎಷ್ಟು ಗಂಟೆಗೆ ಎದ್ದೆ, ಯಾವ ಕಾಫಿ ಕುಡಿದೆ, ಯಾವ ಪುಸ್ತಕ ಓದಿದೆ, ಮದುವೆಯ ಬಗ್ಗೆ, ನೌಕರಿಯ ಬಗ್ಗೆ, ದೇಶದ ಬಗ್ಗೆ ತನ್ನ ಸ್ವಂತ ಅಭಿಪ್ರಾಯವೇನು ಎಂಬುದನ್ನೆಲ್ಲ ಹೇಳುತ್ತಾನೆ. ಅವನ ಕಸುಬು ಆನ್‌ಲೈನ್ ಮಾರಾಟ. ಆದರೆ ತಾನು ಮಾರಾಟಗಾರನೆಂದು ಅವನು ಹೇಳಿಕೊಳ್ಳುವುದು ಅಪರೂಪ. "ನಾನು ನಿಮ್ಮ ಮನೆಯ ಹುಡುಗ" ಎನ್ನುತ್ತಾನೆ.

ಅವನು ಕಾಫಿ ಕುಡಿಯುವುದಕ್ಕೆ ನಮ್ಮ ತಕರಾರಿಲ್ಲ. ಪ್ರತಿಯೊಬ್ಬನಿಗೂ ಅಭಿಪ್ರಾಯ ಉಂಟು; ಅದನ್ನು ಆಡುವ ಹಕ್ಕೂ ಉಂಟು. ತಕರಾರು ಇರುವುದು ಬೇರೆ ಕಡೆ. ಮಾತಿನ ನಡುವೆ ಕಾಫಿಯ ಲೋಟ ತುಸು ತಿರುಗುತ್ತದೆ. ಕಂಪನಿಯ ಹೆಸರು ಕಾಣಿಸುತ್ತದೆ. ಅಭಿಪ್ರಾಯ ಮುಗಿದಲ್ಲಿ ಒಂದು ಲಿಂಕು ತೂಗುತ್ತದೆ. ಅದನ್ನು ಒತ್ತಿ ನಾವು ಏನಾದರೂ ಕೊಂಡರೆ ಅವನಿಗೆ ಕಮಿಷನ್. ಅವನ ಮುಂಜಾವು ಅಂಗಡಿಯ ಗಾಜಿನ ಕಪಾಟು, ಅವನ ಗೆಳೆತನ ಅಂಗಡಿಯ ಬಾಗಿಲು. ಒಳಗೆ ಕಾಲಿಟ್ಟೆವೆಂದು ನಮಗೆ ತಿಳಿಯುವ ಮೊದಲೇ ಬಿಲ್ಲು ಬರೆದಾಗಿರುತ್ತದೆ.

ನಮ್ಮ ಕೆಲಸವನ್ನೇ ನೋಡಿರಿ. ಮೇಜಿನ ಮುಂದೆ ನಿಂತ ಮಾಣಿ "ಸ್ವಾಮಿ, ಇವತ್ತು ಗೋಳಿಬಜೆ ಬಿಸಿಯಾಗಿದೆ" ಎನ್ನುತ್ತಾನೆ. ಅದೂ ಮಾರಾಟದ ಮಾತೇ. ಆದರೆ ಅವನ ಮೈಮೇಲೆ ಹೋಟೆಲಿನ ಸಮವಸ್ತ್ರ ಇದೆ, ಗೋಡೆಯ ಮೇಲೆ ದರಪಟ್ಟಿ ತೂಗುತ್ತಿದೆ, ಗಲ್ಲೆಯಲ್ಲಿ ಧಣಿ ಕುಳಿತಿದ್ದಾರೆ. ಅವನು ಯಾರ ಕಡೆಯವನೆಂದು ಗಿರಾಕಿಗೆ ಗೊತ್ತು. ಮೋಸವಿಲ್ಲ. ಈ ಹೊಸ ಮಾರಾಟಗಾರ ಮಾತ್ರ ಸಮವಸ್ತ್ರ ಕಳಚಿಟ್ಟು, ನಮ್ಮ ಪಕ್ಕದ ಕುರ್ಚಿಯಲ್ಲಿ ಗಿರಾಕಿಯಂತೆ ಕುಳಿತು, ನಮ್ಮ ಹೆಗಲ ಮೇಲೆ ಕೈ ಹಾಕಿ "ತಮ್ಮಾ, ಇದನ್ನು ಕೊಂಡುಕೋ" ಎನ್ನುತ್ತಾನೆ. ಇದು ಸರಿಯೆ?

ಇದೇ ಜಾತಿಯ ಇನ್ನೊಬ್ಬ ಕ್ಯಾಮರಾ ಹಿಡಿದು ನಮ್ಮ ಹೋಟೆಲುಗಳಿಗೇ ಬರುತ್ತಾನೆ. ನಾಲ್ಕು ತಟ್ಟೆ ತರಿಸುತ್ತಾನೆ, ಎಲ್ಲದರಲ್ಲೂ ಒಂದೊಂದು ತುತ್ತು ತಿಂದು ಕಣ್ಣು ಮುಚ್ಚಿ ತಲೆದೂಗುತ್ತಾನೆ. ಬಿಲ್ಲು ಇಲ್ಲ, ಹೋಗುವಾಗ ಲಕೋಟೆಯೂ ಉಂಟು. ದೀಪಾವಳಿಗೆ ಬೋನಸ್ ಕೇಳಿದಾಗ "ಈ ವರ್ಷ ವ್ಯಾಪಾರವಿಲ್ಲ" ಎಂದ ಧಣಿಯೊಬ್ಬರು ಆ ಲಕೋಟೆಗೆ ದುಡ್ಡು ಹೊಂದಿಸಿದ್ದನ್ನು ನಾವೇ ಕಂಡಿದ್ದೇವೆ. ಕಾವಲಿಯ ಮುಂದೆ ಬೆಂದವನ ಹೆಸರು ಆ ಚಿತ್ರದಲ್ಲಿ ಬರಲಿಲ್ಲ.

ಇನ್ನು ಅವನ ಅಭಿಪ್ರಾಯಗಳಿಗೆ ಬರೋಣ. ಹೆಚ್ಚಾಗಿ ಕೇಳಿಬರುವುದು ಎರಡು. ಒಂದು: ಗಡಿಯಾರ ನೋಡದೆ ಹಗಲಿರುಳು ದುಡಿಯುವವನೇ ಮೇಲೆ ಬರುತ್ತಾನೆ. ಎರಡು: ನೌಕರಿ ಎಂದರೆ ಗುಲಾಮಗಿರಿ, ಜಾಣನಾದವನು ಮಲಗಿದ್ದಾಗಲೂ ಸಂಪಾದಿಸುತ್ತಾನೆ. ಎರಡಕ್ಕೂ ಒಂದಕ್ಕೊಂದು ತಾಳೆಯಿಲ್ಲ. ಆದರೆ ಎರಡರಿಂದಲೂ ಅವನ ಸರಕು ಖರ್ಚಾಗುತ್ತದೆ.

ಗಡಿಯಾರ ನೋಡಬಾರದಂತೆ! ಆ ಗಡಿಯಾರವನ್ನು ನೋಡುವ ಹಕ್ಕಿಗಾಗಿ ಈ ಮುಂಬಯಿಯಲ್ಲಿ ನಮ್ಮ ಹಿರಿಯರು ಎಷ್ಟು ಹೋರಾಡಿದ್ದಾರೆ! ನಾರಾಯಣ ಮೇಘಾಜಿ ಲೋಖಂಡೆಯವರು ಗಿರಣಿ ಕಾರ್ಮಿಕರನ್ನು ಕೂಡಿಸಿ ಚಳವಳಿ ನಡೆಸಿದ ಮೇಲೆ, 1890ರಲ್ಲಿ, ಮಾಲಿಕರು ಭಾನುವಾರದ ರಜೆಗೆ ಒಪ್ಪಿದರು. 1911ರ ಕಾಯಿದೆ ಬಟ್ಟೆ ಗಿರಣಿಯ ಗಂಡಾಳಿನ ದುಡಿಮೆಯನ್ನು ದಿನಕ್ಕೆ 12 ಗಂಟೆಗೆ ಮಿತಿಗೊಳಿಸಿತು. 1922ರಲ್ಲಿ ವಾರಕ್ಕೆ 60 ಗಂಟೆ, 1934ರಲ್ಲಿ 54, 1946ರಲ್ಲಿ 48 ಗಂಟೆ ಆಯಿತು. ಹೀಗೆ ಒಂದೊಂದು ಗಂಟೆಯನ್ನೂ ಜಗ್ಗಿ ಜಗ್ಗಿ ಪಡೆದದ್ದು. ಇಂದು ಲೋವರ್ ಪರೇಲಿನಲ್ಲಿ ಫೀನಿಕ್ಸ್ ಗಿರಣಿ ಇದ್ದ ಜಾಗದಲ್ಲಿ ಮಾಲ್ ನಿಂತಿದೆ. ಅಂಥ ಮಾಲಿನಲ್ಲಿ ತಂಪಾಗಿ ಕುಳಿತು "ಸಮಯ ನೋಡಬೇಡಿ" ಎಂದು ಉಪದೇಶಿಸುವವನಿಗೆ, ತನ್ನ ಕಾಲಡಿಯ ನೆಲದಲ್ಲಿ ಯಾರ ಬೆವರು ಇಂಗಿದೆ ಎಂಬುದು ಗೊತ್ತಿಲ್ಲ.

2023ರ ಅಕ್ಟೋಬರಿನಲ್ಲಿ ಇನ್ಫೋಸಿಸ್ ಕಟ್ಟಿದ ನಾರಾಯಣಮೂರ್ತಿಯವರು, ತರುಣರು ವಾರಕ್ಕೆ 70 ಗಂಟೆ ದುಡಿಯಬೇಕೆಂದರು. ನಾವು ಅದನ್ನು ಒಪ್ಪುವುದಿಲ್ಲ. ಆದರೆ ಅವರು ಯಾರು, ಉದ್ಯಮಿಯಾಗಿ ಅವರ ಹಿತ ಎಲ್ಲಿದೆ ಎಂಬುದು ಎಲ್ಲರಿಗೂ ಗೊತ್ತು. ಆದುದರಿಂದಲೇ ದೇಶದ ಉದ್ದಗಲಕ್ಕೂ ಜನ ಎದುರು ನಿಂತು ವಾದಿಸಿದರು. ಬಯಲಿನಲ್ಲಿ ನಿಂತು ಆಡಿದ ಮಾತಿಗೆ ಬಯಲಿನಲ್ಲೇ ಉತ್ತರ ಕೊಡಬಹುದು. ಕಾಫಿಯ ಲೋಟದಲ್ಲಿ ಕರಗಿಸಿ ಕುಡಿಸಿದ ಮಾತಿಗೆ ಉತ್ತರ ಕೊಡುವುದು ಹೇಗೆ?

ಎರಡನೆಯ ಅಭಿಪ್ರಾಯದ ಫಲವನ್ನೂ ಹೇಳುತ್ತೇವೆ. ನಮ್ಮಲ್ಲೇ ಒಬ್ಬ ತಮ್ಮ, ಕುಂದಾಪುರದ ಕಡೆಯ ಹುಡುಗ, ಹೋಟೆಲಿನಲ್ಲಿ ಸಪ್ಲೈ ಮಾಡುವವನು, ಇಂಥವನೊಬ್ಬನ ಮಾತನ್ನು ಆರು ತಿಂಗಳು ಕೇಳಿದ. ಅವನ ಹುಟ್ಟುಹಬ್ಬ ಇವನಿಗೆ ಗೊತ್ತು, ಅವನ ತಾಯಿಯ ಹೆಸರು ಗೊತ್ತು. ಕೊನೆಗೆ, ಊರಿಗೆ ಕಳುಹಿಸಬೇಕಾಗಿದ್ದ ಮೂರು ತಿಂಗಳ ಹಣವನ್ನು "ಮನೆಯಿಂದಲೇ ಸಂಪಾದಿಸಿರಿ" ಎಂಬ ಅವನ ಪಾಠಕ್ಕೆ ಕಟ್ಟಿದ. ಪಾಠದಲ್ಲಿ ಇದ್ದುದೇನು? ಅದೇ ಪಾಠವನ್ನು ಇನ್ನಷ್ಟು ಜನರಿಗೆ ಮಾರುವುದು ಹೇಗೆಂಬುದು! ಹಣ ಹಿಂದಕ್ಕೆ ಕೇಳಿದರೆ ಉತ್ತರವಿಲ್ಲ. "ಮನೆಯ ಹುಡುಗ" ಮರುದಿನವೂ ಎಂದಿನಂತೆ ಕಾಫಿ ಕುಡಿದು ಅಭಿಪ್ರಾಯ ಹೇಳಿದ.

ಇದು ಹೊಸ ವಿದ್ಯೆಯಲ್ಲ. ಆಳು ಸೇರಿಸಿದರೆ ಹಣ ಎಂಬ ಸರಪಳಿ ಯೋಜನೆಗಳನ್ನು ಸರಕಾರ 1978ರಲ್ಲೇ ಕಾಯಿದೆ ಮಾಡಿ ನಿಷೇಧಿಸಿತು. 2021ರ ನೇರ ಮಾರಾಟದ ನಿಯಮಗಳು ಅದನ್ನು ಮತ್ತೆ ಹೇಳಿದವು. ಸಕ್ಕರೆ ಕಾಯಿಲೆ ವಾಸಿ ಮಾಡುತ್ತೇನೆಂದು ಔಷಧದ ಜಾಹೀರಾತು ಕೊಡುವುದು 1954ರ ಕಾಯಿದೆಯಂತೆ ಅಪರಾಧ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳ ವಿರುದ್ಧ 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಕಾನೂನು, ಅವುಗಳ ಜಾಹೀರಾತನ್ನೂ ಅಪರಾಧವೆಂದೇ ಎಣಿಸಿತು. ಅಷ್ಟರೊಳಗೆ ಎಷ್ಟು ಖೋಲಿಗಳಲ್ಲಿ ಎಷ್ಟು ಪಗಾರ ರಮ್ಮಿಗೆ ಹೋಯಿತೋ!

ಮಾತಿನ ಮಾರಾಟಕ್ಕೂ ಕಟ್ಟುಪಾಡು ಉಂಟು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಕೆಳಗೆ 2022ರಲ್ಲಿ ನಿಯಮಗಳು ಬಂದವು: ಸರಕನ್ನು ಹೊಗಳುವವನ ಮಾತು ಅವನ ಪ್ರಾಮಾಣಿಕ ಅಭಿಪ್ರಾಯವಾಗಿರಬೇಕು. 2023ರ ಜನವರಿಯಲ್ಲಿ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ ಇನ್ನೂ ಬಿಡಿಸಿ ಹೇಳಿತು. ಹಣವಿರಲಿ, ಬಿಟ್ಟಿ ವಸ್ತುವಿರಲಿ, ಪ್ರವಾಸವಿರಲಿ, ಪಡೆದು ಹೊಗಳಿದರೆ ಅದನ್ನು ಸ್ಪಷ್ಟವಾಗಿ ತಿಳಿಸಬೇಕು. ಚಲಿಸುವ ಚಿತ್ರದಲ್ಲಾದರೆ ಕಣ್ಣಿಗೂ ಕಾಣಬೇಕು, ಕಿವಿಗೂ ಕೇಳಬೇಕು. ಹೊಗಳಿದ ಭಾಷೆಯಲ್ಲೇ ಹೇಳಬೇಕು. ಈ ಕೊನೆಯ ಮಾತನ್ನು ನಾವು ಗಟ್ಟಿಯಾಗಿ ಹಿಡಿಯಬೇಕು. ನಮ್ಮ ಕುಂದಾಪುರದ, ಮಂಗಳೂರಿನ ಕನ್ನಡದಲ್ಲಿ ಮುದ್ದಾಗಿ ಮಾತಾಡಿ, "ಜಾಹೀರಾತು" ಎಂಬ ಒಂದು ಪದವನ್ನು ಮಾತ್ರ ಇಂಗ್ಲಿಷಿನಲ್ಲಿ, ಇರುವೆ ಗಾತ್ರದ ಅಕ್ಷರದಲ್ಲಿ ಮೂಲೆಗೆ ತಳ್ಳುವುದು ಕಳ್ಳತನ. ತಪ್ಪು ದಾರಿಗೆಳೆಯುವ ಜಾಹೀರಾತಿಗೆ 10 ಲಕ್ಷದವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ವಿಧಿಸುವ ಅಧಿಕಾರ ಕಾಯಿದೆಯಲ್ಲಿದೆ. ಕಾಯಿದೆ ಪುಸ್ತಕದಲ್ಲಿದ್ದರೆ ಸಾಲದು. ದೂರು ಕೊಡುವವರು ಬೇಕು.

"ಅವನೂ ಹೊಟ್ಟೆಪಾಡಿಗೆ ಮಾಡುತ್ತಾನೆ, ಅವನ ಮೇಲೇಕೆ ಸಿಟ್ಟು?" ಎಂದು ಕೆಲವರು ಕೇಳಬಹುದು. ನಿಜ. ಅವರಲ್ಲಿ ಬಡವರ ಮಕ್ಕಳೂ ಇದ್ದಾರೆ. ಇಂದು ಜನ ನೋಡಿದರೆ ಉಂಟು, ನಾಳೆ ನೋಡದಿದ್ದರೆ ಇಲ್ಲ. ರಜೆಯಿಲ್ಲ, ಪ್ರಾವಿಡೆಂಟ್ ಫಂಡ್ ಇಲ್ಲ. ತನ್ನ ಮನೆ, ಮಡದಿ, ಮಕ್ಕಳನ್ನೂ ಕ್ಯಾಮರಾದ ಮುಂದೆ ನಿಲ್ಲಿಸಬೇಕಾಗಿ ಬಂದವನ ಪಾಡು ಸುಖದ್ದಲ್ಲ. ಅವನು ಸಂಘ ಕಟ್ಟಿ ತನ್ನನ್ನು ದುಡಿಸಿಕೊಳ್ಳುವ ಕಂಪನಿಗಳ ಎದುರು ನಿಂತರೆ ನಾವು ಜತೆಗೆ ನಿಲ್ಲುತ್ತೇವೆ. ಆದರೆ ಹೊಟ್ಟೆಪಾಡಿನ ಹೆಸರಿನಲ್ಲಿ ಇನ್ನೊಬ್ಬ ಬಡವನ ನಂಬಿಕೆಯನ್ನು ಮಾರಲಾಗದು. ಹಾಲಿಗೆ ನೀರು ಬೆರೆಸುವವನೂ ಹೊಟ್ಟೆಪಾಡಿಗೇ ಬೆರೆಸುತ್ತಾನೆ.

ಹಾಗಾದರೆ ಮಾಡಬೇಕಾದುದೇನು? ಮೊಬೈಲನ್ನು ಸಮುದ್ರಕ್ಕೆ ಎಸೆಯಿರೆಂದು ನಾವು ಹೇಳುವುದಿಲ್ಲ. ಊರಿನ ಮಾತು, ಯಕ್ಷಗಾನ, ಮಕ್ಕಳ ಮುಖ ಎಲ್ಲ ಅದರಲ್ಲೇ ಬರುತ್ತವೆ. ಆದರೆ ಯಾರೇ ಸ್ವಂತ ಅಭಿಪ್ರಾಯವೆಂದು ಹೇಳಿದಾಗ ಮೊದಲು ಕೇಳಿರಿ: ಇದಕ್ಕೆ ಹಣ ಕೊಟ್ಟವರು ಯಾರು? ಪಗಾರದ ದಿನ ರಾತ್ರಿ ಯಾವ ಲಿಂಕನ್ನೂ ಒತ್ತಬೇಡಿರಿ. ಹಣ ಕಟ್ಟುವ ಮೊದಲು ಸಂಘದ ಕಚೇರಿಗೆ ಬಂದು ಇಬ್ಬರೊಡನೆ ಮಾತಾಡಿರಿ. ಮೋಸ ಹೋದವರು ನಾಚಿಕೆಪಟ್ಟು ಸುಮ್ಮನಿರಬಾರದು; ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿರಿ. ಬರೆದುಕೊಡಲು ಬಾರದಿದ್ದರೆ ನಾವು ಬರೆದುಕೊಡುತ್ತೇವೆ. ಮೋಸ ಹೋದವನನ್ನು ನೋಡಿ ನಗುವವರು ನಮ್ಮ ಸಂಘದಲ್ಲಿ ಇರಕೂಡದು.

ನಮ್ಮಲ್ಲಿ ಬಂಡವಾಳವಿಲ್ಲ. ಇರುವುದು ಎರಡು ತೋಳು, ತಿಂಗಳ ಪಗಾರ ಮತ್ತು ಒಬ್ಬರ ಮೇಲೊಬ್ಬರಿಗೆ ಇರುವ ನಂಬಿಕೆ. ತೋಳಿನ ಬೆಲೆಯನ್ನು ಚೌಕಾಸಿ ಮಾಡಿ ಪಡೆಯಲು ನಾವು ಕಲಿತೆವು. ನಂಬಿಕೆಯನ್ನು ಬಿಟ್ಟಿಯಾಗಿ ಬಿಟ್ಟುಕೊಡಬಾರದೆಂಬುದನ್ನು ಈಗ ಕಲಿಯಬೇಕಾಗಿದೆ.